ಎಆರ್-15 ರೈಫಲ್‌ಗೆ .22 ಕನ್ವರ್ಷನ್ ಕಿಟ್: ಒಂದು ವರ್ಷ, 3,000 ಗುಂಡು

ಎಆರ್-15 ರೈಫಲ್‌ನಲ್ಲಿ ಅದರ ದೊಡ್ಡ .223 ತೋಟಾ ಬದಲು ಪುಟ್ಟ .22 ತೋಟಾ ಹೊಡೆಯಲು ಹಾಕುವ ಕಿಟ್ ಇದು. ಮೊದಲ ದಿನ 100 ಗುಂಡಿಗೆ 17 ಸಲ ನಿಂತಿತು. ಪಕ್ಕದ ಬೆಂಚಿನಲ್ಲಿದ್ದವರು ನೋಡಿ, "ಇದನ್ನು ವಾಪಸ್ ಕೊಟ್ಟುಬಿಡಿ ಮೇಡಂ, ಈ ಕಿಟ್‌ಗಳೆಲ್ಲ ಹೀಗೇ" ಅಂದರು. ನಾನು ವಾಪಸ್ ಕೊಡಲಿಲ್ಲ. ಇವತ್ತು ಅದೇ ಕಿಟ್ 300 ಗುಂಡಿಗೆ ಒಂದೋ ಎರಡೋ ಸಲ ನಿಲ್ಲುತ್ತದೆ, ಅದೂ ಬಹುತೇಕ ಗುಂಡಿನ ತಪ್ಪಿನಿಂದ. ಈ ಎರಡು ದಿನಗಳ ಮಧ್ಯೆ ಏನಾಯಿತು ಅಂತ ಬರೆಯುತ್ತೇನೆ. ಈ ಕಿಟ್ ಕೊಂಡು ಬೇಜಾರಾಗಿ ಮೂಲೆಗೆ ಇಟ್ಟವರು ತುಂಬಾ ಜನ ಇದ್ದಾರೆ. ಅವರಿಗೆ ಉಪಯೋಗ ಆಗಬಹುದು.

ನಾನು 22 ವರ್ಷ ಟೂಲ್ ರೂಮಿನಲ್ಲಿ ಫಿಟ್ಟರ್ ಆಗಿ ಕೆಲಸ ಮಾಡಿದವಳು. ಯಾವ ವಸ್ತು ಕೈಗೆ ಬಂದರೂ ಮೊದಲು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡುತ್ತೇನೆ. ಎಲ್ಲಿ ಸಡಿಲ ಇದೆ, ಎಲ್ಲಿ ಬಿಗಿ ಇದೆ ಅಂತ ತಿಳಿದರೆ ಅರ್ಧ ಕಾಯಿಲೆ ಗೊತ್ತಾದ ಹಾಗೆ. ಗುರಿ ಹೊಡೆಯುವ ಅಭ್ಯಾಸ ಶುರುವಾಗಿ ಒಂಬತ್ತು ವರ್ಷ ಆಯಿತು. ತಂಗಿಯ ಮಗಳು ಕಲಿಯಬೇಕು ಅಂದಾಗ ಈ ಕಿಟ್ ತರಿಸಿದೆ. ದೊಡ್ಡ ಗುಂಡಿನ ಸದ್ದು, ಒದೆತ ಎರಡೂ ಹೊಸಬರಿಗೆ ಕಣ್ಣು ಮುಚ್ಚಿ ಟ್ರಿಗರ್ ಎಳೆಯುವ ಚಾಳಿ ಹತ್ತಿಸುತ್ತವೆ. ಆ ಚಾಳಿ ಒಮ್ಮೆ ಹತ್ತಿದರೆ ಬಿಡಿಸುವುದು ಕಷ್ಟ. .22ರಲ್ಲಿ ಶುರು ಮಾಡಿದರೆ ಆ ತೊಂದರೆ ಇರುವುದಿಲ್ಲ. ರೈಫಲ್ ಅದೇ, ಟ್ರಿಗರ್ ಅದೇ, ಸೈಟ್ ಅದೇ. ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟ್ ಮಾತ್ರ ಬೇರೆ.

ಕಿಟ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ರೈಫಲ್‌ನ ಮೂಲ ಬೋಲ್ಟ್ ಕ್ಯಾರಿಯರ್ (ಬೋಲ್ಟ್ ಹೊತ್ತು ಓಡುವ ಭಾಗ) ತೆಗೆದು ಆ ಜಾಗಕ್ಕೆ ಇದನ್ನು ಇಡಬೇಕು. ಇದರ ಮೂತಿಯಲ್ಲಿ .223 ತೋಟಾದ ಆಕಾರಕ್ಕೇ ಕಡೆದ ಒಂದು ಉಕ್ಕಿನ ತುಂಡು ಇರುತ್ತದೆ. ಅಡಾಪ್ಟರ್ ಅನ್ನುತ್ತಾರೆ. ಅದು ರೈಫಲ್‌ನ ಚೇಂಬರಿನೊಳಗೆ, ಅಂದರೆ ತೋಟಾ ಕೂರುವ ಗೂಡಿನೊಳಗೆ, ಹೋಗಿ ಕೂರುತ್ತದೆ. ಅದರ ಹೊಟ್ಟೆಯಲ್ಲಿ .22 ಲಾಂಗ್ ರೈಫಲ್ ತೋಟಾಗೆ ಸರಿಯಾದ ಸಣ್ಣ ಚೇಂಬರ್ ಕೊರೆದಿರುತ್ತಾರೆ. ಹಿಂದೆ ಎರಡು ಕಂಬಿ, ಅದರ ಮೇಲೆ ಹಿಂದೆ ಮುಂದೆ ಓಡುವ ಬೋಲ್ಟ್, ಒಂದು ಸ್ಪ್ರಿಂಗು, ಕೊನೆಯಲ್ಲಿ ಒಂದು ದಪ್ಪ ಪ್ಲೇಟು. ಜೊತೆಗೆ ತೋಟಾ ತುಂಬುವ ಬೇರೆ ಮ್ಯಾಗಝೀನ್. ಹಾಕುವುದಕ್ಕೆ ಒಂದು ನಿಮಿಷ ಸಾಕು.

ಈ ಯೋಚನೆ ಹೊಸದೇನಲ್ಲ. ಮಾರ್ಟಿನಿ-ಹೆನ್ರಿ ಬಂದೂಕಿನ ಕಾಲದಲ್ಲೇ ಅದರ ನಳಿಗೆಯೊಳಗೆ ಮಾರಿಸ್ ಟ್ಯೂಬ್ ಅನ್ನುವ ಸಣ್ಣ ನಳಿಗೆ ತೂರಿಸಿ ಕಡಿಮೆ ಖರ್ಚಿನಲ್ಲಿ ಸೈನಿಕರಿಗೆ ಗುರಿ ಕಲಿಸುತ್ತಿದ್ದರು. ಕೋಲ್ಟ್ ಕಂಪನಿ 1937ರಲ್ಲಿ ಸರ್ವಿಸ್ ಮಾಡೆಲ್ ಏಸ್ ಅನ್ನುವ .22 ಪಿಸ್ತೂಲು ತಂದಿತು. ಅದರ ಚೇಂಬರೇ ಹಿಂದಕ್ಕೆ ಜರುಗಿ, ಮೇಲೆ ಜಾರುವ ಸ್ಲೈಡನ್ನು ತಳ್ಳುತ್ತಿತ್ತು. ಪುಟ್ಟ ಗುಂಡಿನಿಂದ ದೊಡ್ಡ ಪಿಸ್ತೂಲು ಓಡಿಸಲು ಮಾಡಿದ ಒಳ್ಳೆಯ ಉಪಾಯ ಅದು. ಅಮೆರಿಕದ ಸೈನ್ಯ ಎಆರ್-15ರ ಸೈನ್ಯದ ರೂಪವಾದ ಎಂ16ಗೆ ಎಂ261 ಅನ್ನುವ ಕಿಟ್ ಇಟ್ಟುಕೊಂಡಿತ್ತು. ಮಾಮೂಲಿ ಮ್ಯಾಗಝೀನ್ ಒಳಗೆ ಕೂರುವ 10 ಗುಂಡಿನ ಇನ್ಸರ್ಟ್ ಅದರ ಜೊತೆ ಬರುತ್ತಿತ್ತು. ಎಲ್ಲರೂ ಬಿಡಿಸಲು ಕೂತ ಕಗ್ಗಂಟು ಒಂದೇ. ದೊಡ್ಡ ಮನೆಯಲ್ಲಿ ಪುಟ್ಟ ತೋಟಾ ಹೇಗೆ ಸಂಸಾರ ಮಾಡಬೇಕು ಅನ್ನುವುದು.

ಎಷ್ಟು ಪುಟ್ಟದು ಅಂತ ಲೆಕ್ಕ ಹಾಕಿ ನೋಡಿ. 40 ಗ್ರೇನ್ ತೂಕದ, ಅಂದರೆ ಸುಮಾರು 2.6 ಗ್ರಾಂ ಗುಂಡು ಸೆಕೆಂಡಿಗೆ 1,235 ಅಡಿ ವೇಗದಲ್ಲಿ ಹೊರಟರೆ ಅದರ ಶಕ್ತಿ 180 ಜೂಲ್ ಚಿಲ್ಲರೆ. 55 ಗ್ರೇನ್ .223 ಗುಂಡಿನದು 1,700 ಜೂಲ್ ಮೇಲೆ. ಹತ್ತರಲ್ಲಿ ಒಂದು ಪಾಲು ಮಾತ್ರ. ಕಿಟ್‌ನಲ್ಲಿ ಬೋಲ್ಟ್ ಬೀಗ ಹಾಕಿಕೊಳ್ಳುವುದಿಲ್ಲ. ಅದರ ತೂಕ ಮತ್ತು ಸ್ಪ್ರಿಂಗಿನ ಒತ್ತಡ, ಇವೆರಡೇ ಅದನ್ನು ತಡೆದು ಹಿಡಿಯುತ್ತವೆ. ಗುಂಡು ಹಾರಿ ಉಳಿದ ಹಿತ್ತಾಳೆಯ ಖಾಲಿ ಕೇಸು ಹಿಂದಕ್ಕೆ ಒದ್ದಾಗ ಬೋಲ್ಟ್ ಹೋಗಬೇಕು, ಕೇಸು ಆಚೆ ಬೀಳಬೇಕು, ಬೋಲ್ಟ್ ವಾಪಸ್ ಬರುತ್ತಾ ಹೊಸ ತೋಟಾ ತಳ್ಳಿಕೊಂಡು ಬರಬೇಕು. ಇಷ್ಟಕ್ಕೆ ಇರುವ ಬಂಡವಾಳ ತುಂಬಾ ಕಡಿಮೆ. ಎಲ್ಲೋ ಒಂದು ಕಡೆ ಸ್ವಲ್ಪ ಉಜ್ಜಿದರೂ, ಸ್ವಲ್ಪ ಸಡಿಲ ಇದ್ದರೂ ಲೆಕ್ಕ ತಪ್ಪುತ್ತದೆ. ಹಾಗಾಗಿ ಈ ಕಿಟ್‌ನಲ್ಲಿ ಫಿಟ್ಟಿಂಗ್ ಅನ್ನುವುದು ಶೋಕಿ ಅಲ್ಲ. ಅದೇ ಪ್ರಾಣ.

ಈಗ ಆ 17ರ ವಿಷಯ. ನನಗೆ ನೋಟ್‌ಬುಕ್ ಇಡುವ ಅಭ್ಯಾಸ ಇದೆ. ಪ್ರತಿ ಸಲ ನಿಂತಾಗಲೂ ಏಕೆ ನಿಂತಿತು ಅಂತ ಬರೆದುಕೊಂಡೆ. 9 ಸಲ ಟ್ರಿಗರ್ ಎಳೆದರೆ ಟಿಕ್ ಅಂದಿತು, ಗುಂಡು ಹಾರಲಿಲ್ಲ. 6 ಸಲ ಖಾಲಿ ಕೇಸು ಒಳಗೇ ಕಚ್ಚಿಕೊಂಡಿತು ಇಲ್ಲವೇ ಅರ್ಧ ಆಚೆ ಬಂದು ಬೋಲ್ಟ್ ಬಾಯಲ್ಲಿ ಸಿಕ್ಕಿಕೊಂಡಿತು. 2 ಸಲ ಹೊಸ ತೋಟಾ ಮ್ಯಾಗಝೀನಿನಿಂದ ಮೇಲೆ ಏಳಲೇ ಇಲ್ಲ. ದಯವಿಟ್ಟು ನೀವೂ ಹೀಗೆ ಬರೆದಿಡಿ. "ಜಾಮ್ ಆಗುತ್ತೆ" ಅಂತ ಸುಮ್ನೆ ಹೇಳಿದರೆ ಯಾರೂ ಏನೂ ಮಾಡಲು ಆಗುವುದಿಲ್ಲ. ಮೂರು ಬೇರೆ ಬೇರೆ ತೊಂದರೆಗೆ ಮೂರು ಬೇರೆ ಬೇರೆ ಕಾರಣ ಇರುತ್ತವೆ.

ಟಿಕ್ ಅಂದ 9 ತೋಟಾಗಳನ್ನು ಮನೆಗೆ ತಂದು ದೀಪದ ಕೆಳಗೆ ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ನೋಡಿದೆ. .22 ಥರದ ರಿಮ್‌ಫೈರ್ ತೋಟಾದಲ್ಲಿ ಸಿಡಿಯುವ ಮದ್ದು ತಳದ ಅಂಚಿನ ಸುತ್ತ, ಆ ತೆಳು ಮಡಿಕೆಯೊಳಗೆ ಇರುತ್ತದೆ. ಫೈರಿಂಗ್ ಪಿನ್ ಆ ಅಂಚನ್ನು ಜೋರಾಗಿ ಅಮುಕಬೇಕು. ಚೆನ್ನಾಗಿ ಹಾರಿದ ಕೇಸಿನ ಮೇಲೆ ಪಿನ್ನಿನ ಗುರುತು ಆಳವಾಗಿ, ಚೂಪಾದ ಅಂಚಿನ ಗುಳಿಯಾಗಿ ಕಾಣುತ್ತದೆ. ಹಾರದ ತೋಟಾಗಳ ಮೇಲೆ ಬರೀ ಉಗುರಿನಲ್ಲಿ ಒತ್ತಿದ ಹಾಗೆ ಮೇಲುಮೇಲಿನ ಗುರುತು. ಪಿನ್ ಹೊಡೆದಿದೆ, ಆದರೆ ಏಟು ಎಲ್ಲೋ ಸೋರಿಹೋಗಿದೆ. ಎಲ್ಲಿ?

ಕಿಟ್ ರೈಫಲ್‌ನಲ್ಲಿ ಇಟ್ಟು, ಮೇಲಿನ ಭಾಗ ಮುಚ್ಚಿ, ಕಿವಿ ಹತ್ತಿರ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದೆ. ಕಟಕ್ ಕಟಕ್ ಅಂತ ಸಣ್ಣ ಸದ್ದು. ಇಡೀ ಕಿಟ್ ಒಳಗೆ ಜಾರುತ್ತಿತ್ತು. ಎಆರ್ ರೈಫಲ್‌ನಲ್ಲಿ ಹಿಂದೆ ಬಫರ್ ಅನ್ನುವ ಸ್ಪ್ರಿಂಗಿನ ಮುಂದೆ ಕೂರುವ ತುಂಡು ಇರುತ್ತದಲ್ಲ, ಅದು ಮೂಲ ಬೋಲ್ಟ್ ಕ್ಯಾರಿಯರನ್ನು ಸದಾ ಮುಂದಕ್ಕೆ ಒತ್ತುತ್ತಿರುತ್ತದೆ. ನನ್ನ ರೈಫಲ್‌ನಲ್ಲಿ ಕಿಟ್ ಕೂದಲೆಳೆಯಷ್ಟು ಗಿಡ್ಡ. ಬಫರ್ ತನ್ನ ತಡೆಪಿನ್ನಿಗೆ ಒರಗಿ ನಿಂತುಬಿಡುತ್ತಿತ್ತು, ಕಿಟ್‌ನ ಹಿಂದಿನ ಪ್ಲೇಟನ್ನು ಮುಟ್ಟುತ್ತಲೇ ಇರಲಿಲ್ಲ. ಟ್ರಿಗರ್ ಎಳೆದಾಗ ಹ್ಯಾಮರ್ ಬಂದು ಪಿನ್ನಿಗೆ ಹೊಡೆದಾಗ ಅಡಾಪ್ಟರ್, ಬೋಲ್ಟ್, ತೋಟಾ ಎಲ್ಲ ಒಟ್ಟಿಗೆ ಮುಂದಕ್ಕೆ ಜರುಗಿ ಏಟನ್ನು ನುಂಗಿಬಿಡುತ್ತಿದ್ದವು. ಮೆತ್ತನೆ ದಿಂಬಿನ ಮೇಲೆ ಮೊಳೆ ಇಟ್ಟು ಸುತ್ತಿಗೆಯಲ್ಲಿ ಹೊಡೆದ ಹಾಗೆ.

ಆದರೆ ಸಡಿಲ ಅಂತ ಕಂಡ ತಕ್ಷಣ ತುಂಡು ಹಾಕಿ ಬಿಗಿ ಮಾಡಲು ಹೋಗಬೇಡಿ. ಮೊದಲು ಚೇಂಬರ್ ತೊಳೆಯಿರಿ. ದೊಡ್ಡ ಗುಂಡು ಹೊಡೆದ ಮಸಿ ಚೇಂಬರಿನ ಭುಜದ ಹತ್ತಿರ ಕಲ್ಲಿನ ಹಾಗೆ ಕಟ್ಟಿಕೊಂಡಿರುತ್ತದೆ. ಅಡಾಪ್ಟರ್ ಅಲ್ಲೇ ತಡೆದು ಪೂರ್ತಿ ಕೂರುವುದಿಲ್ಲ. ನಾನು ಚೇಂಬರ್ ಬ್ರಷ್, ಸಾಲ್ವೆಂಟ್ ಹಾಕಿ ಮೂರು ಸಲ ತಿಕ್ಕಿದೆ. ಬಿಳಿ ಬಟ್ಟೆ ಮೂರನೇ ಸಲವೂ ಕಪ್ಪಾಗಿ ಬಂತು, ನಾಲ್ಕನೇ ಸಲ ಬೂದು, ಐದನೇ ಸಲ ಬಿಳಿ. ಆಮೇಲೆ ಅಡಾಪ್ಟರನ್ನು ಕೈಯಲ್ಲೇ ಒಳಗೆ ಬಿಟ್ಟಾಗ ಟಕ್ ಅಂತ ಗಟ್ಟಿ ಸದ್ದು ಬಂತು. ಮೊದಲು ಆ ಸದ್ದು ಇರಲಿಲ್ಲ. ಆ ಸದ್ದು ಬಂದ ಮೇಲೇ ಅಳತೆ ಮಾಡಬೇಕು.

ಅಳತೆಗೆ ಟೂಲ್ ರೂಮಿನ ಹಳೆಯ ಉಪಾಯ. ಸಂದು ಅಳೆಯುವ ಫೀಲರ್ ಗೇಜ್ ತೂರಿಸಲು ಅಲ್ಲಿ ಜಾಗ ಇಲ್ಲ. ಕಡಲೆಕಾಳಿನಷ್ಟು ಮೇಣ ತೆಗೆದುಕೊಂಡು ಹಿಂದಿನ ಪ್ಲೇಟಿಗೆ ಅಂಟಿಸಿದೆ. ರೈಫಲ್ ಖಾಲಿ, ಮ್ಯಾಗಝೀನ್ ಇಲ್ಲ, ಎರಡು ಸಲ ಪರೀಕ್ಷೆ ಮಾಡಿ ಆಗಿದೆ. ನಿಧಾನವಾಗಿ ಮುಚ್ಚಿ, ಪಿನ್ ಹಾಕಿ, ಮತ್ತೆ ತೆರೆದೆ. ಮೇಣ ಬಿಲ್ಲೆಯಂತೆ ಚಪ್ಪಟೆ ಆಗಿತ್ತು. ಮೈಕ್ರೋಮೀಟರಿನಲ್ಲಿ ಮೆಲ್ಲಗೆ ಹಿಡಿದರೆ 0.4 ಮಿಲಿಮೀಟರ್. ಇನ್ನೂ ಎರಡು ಸಲ ಮಾಡಿದೆ, ಅಷ್ಟೇ ಬಂತು. ಕಾಗದದ ನಾಲ್ಕು ಹಾಳೆಯ ದಪ್ಪ. ಅಷ್ಟು ಜಾಗಕ್ಕೆ ಇಷ್ಟೆಲ್ಲ ರಗಳೆ.

0.5 ಮಿಲಿಮೀಟರಿನ ಉಕ್ಕಿನ ಶಿಮ್ (ಸಂದು ತುಂಬುವ ತೆಳು) ಹಾಳೆಯಿಂದ ಪ್ಲೇಟಿನ ಆಕಾರಕ್ಕೇ ಒಂದು ತುಂಡು ಕತ್ತರಿಸಿದೆ. ಕತ್ತರಿಸಿದ ಅಂಚಿನ ಮುಳ್ಳು ಉಜ್ಜಿ ತೆಗೆದೆ. ಎರಡೂ ಮೈಯ ಎಣ್ಣೆ ಪೂರ್ತಿ ಒರೆಸಿ ಎಪಾಕ್ಸಿ ಹಾಕಿ ಅಂಟಿಸಿ ಒಂದು ದಿನ ಕ್ಲ್ಯಾಂಪಿನಲ್ಲಿ ಬಿಟ್ಟೆ. 0.4 ಬೇಕಿದ್ದ ಕಡೆ 0.5 ಏಕೆ ಅಂದರೆ, ಬಫರ್ ತಡೆಪಿನ್ನಿನಿಂದ ಒಂದು ಚೂರು ಏಳಬೇಕು. ಆಗ ಬಫರ್ ಸ್ಪ್ರಿಂಗೇ ಕಿಟ್ಟನ್ನು ಮುಂದಕ್ಕೆ ಒತ್ತಿ ಹಿಡಿಯುತ್ತದೆ. ಈಗ ರೈಫಲ್ ಮುಚ್ಚುವಾಗ ಹೆಬ್ಬೆರಳಲ್ಲಿ ಒಂದಿಷ್ಟು ಒತ್ತಬೇಕು, ಪಿನ್ ಕೈಯಲ್ಲೇ ಹೋಗುತ್ತದೆ. ಸುತ್ತಿಗೆ ಬೇಕಾದರೆ ಶಿಮ್ ದಪ್ಪ ಜಾಸ್ತಿ ಆಯಿತು ಅಂತ ಅರ್ಥ, ತೆಗೆದುಬಿಡಿ. ಪ್ರತಿ ಸಲ ಕಿಟ್ ಹಾಕುವ ಮೊದಲು ಆ ತುಂಡನ್ನು ಉಗುರಿನಿಂದ ಕೆರೆದು ನೋಡುತ್ತೇನೆ. ಬಿಟ್ಟುಕೊಂಡು ಟ್ರಿಗರಿನ ಗೂಡಿಗೆ ಬಿದ್ದರೆ ಅಪಾಯ. ನಿಮಗೆ ಫಿಟ್ಟಿಂಗ್ ಕೆಲಸದ ಕೈ ಇಲ್ಲದಿದ್ದರೆ ಇದನ್ನು ಗನ್‌ಸ್ಮಿತ್ ಹತ್ತಿರ ಮಾಡಿಸಿ. ಮೇಣದ ಬಿಲ್ಲೆ ಮಾತ್ರ ನೀವೇ ಮಾಡಿ ಅಳತೆ ತೆಗೆದುಕೊಂಡು ಹೋಗಿ, ಅವರ ಕೆಲಸ ಸುಲಭ ಆಗುತ್ತದೆ.

ಇನ್ನೊಂದು 100 ಗುಂಡು ಹೊಡೆದೆ. ಟಿಕ್ ಅನ್ನುವುದು 9ರಿಂದ 4ಕ್ಕೆ ಇಳಿಯಿತು. ಸೊನ್ನೆ ಆಗಲಿಲ್ಲ ಏಕೆ ಅಂತ ಎರಡು ದಿನ ಯೋಚಿಸಿದೆ. ಆಮೇಲೆ ನೆನಪಾಯಿತು. ಟ್ರಿಗರ್ ಹಗುರ ಆಗಲಿ ಅಂತ ಹಿಂದಿನ ವರ್ಷ ಕಡಿಮೆ ಬಲದ ಹ್ಯಾಮರ್ ಸ್ಪ್ರಿಂಗ್ ಹಾಕಿದ್ದೆ. .223 ತೋಟಾದ ತಳದ ಮಧ್ಯೆ ಇರುವ ಪ್ರೈಮರಿಗೆ (ಕಿಡಿ ಹೊತ್ತಿಸುವ ಮದ್ದಿಗೆ) ಅದು ಸಾಕಾಗುತ್ತಿತ್ತು. ರಿಮ್‌ಫೈರ್ ತೋಟಾಗೆ ಸಾಲದು, ಹಿತ್ತಾಳೆಯ ಅಂಚನ್ನು ಜಜ್ಜಬೇಕಲ್ಲ. ಮೂಲ ಸ್ಪ್ರಿಂಗ್ ವಾಪಸ್ ಹಾಕಿದೆ. ಟ್ರಿಗರ್ ಒಂಚೂರು ಭಾರ ಆಯಿತು. ಟಿಕ್ ನಿಂತಿತು. ಈ ಎರಡನೇ ಕಾರಣ ಕಿಟ್‌ನದ್ದಲ್ಲ, ರೈಫಲ್‌ನದ್ದು. ಕಿಟ್ ಬೈಯುವ ಮೊದಲು ನಿಮ್ಮ ರೈಫಲ್‌ನಲ್ಲಿ ಯಾವ ಸ್ಪ್ರಿಂಗ್ ಇದೆ ನೋಡಿ.

ಕೇಸು ಕಚ್ಚಿಕೊಳ್ಳುವುದು ಮಾತ್ರ ಕಿಟ್‌ನದ್ದೇ ತಪ್ಪು. ಇದನ್ನು ಸ್ವಲ್ಪ ಬೇಜಾರಿನಿಂದಲೇ ಬರೆಯುತ್ತಿದ್ದೇನೆ. ಹೊಸದು ಅಂತ ಕೊಟ್ಟಿದ್ದರು. ಲೂಪಿನಲ್ಲಿ ನೋಡಿದರೆ ಅಡಾಪ್ಟರಿನ ಬಾಯಿಯ ಅಂಚಿನಲ್ಲಿ, ಪಿನ್ ಬಂದು ತಾಗುವ ಜಾಗದಲ್ಲೇ, ಒಂದು ತಗ್ಗು. ಆ ತಗ್ಗಿನ ಉಕ್ಕು ಒಳಮುಖವಾಗಿ ಚೇಂಬರಿನೊಳಗೆ ಉಬ್ಬಿತ್ತು. ಯಾರೋ ತೋಟಾ ಇಲ್ಲದೆ ಖಾಲಿ ಟ್ರಿಗರ್ ಎಳೆದು ಎಳೆದು ಮಾಡಿದ ಗುರುತು ಅದು. ದೊಡ್ಡ ಗುಂಡಿನ ರೈಫಲ್‌ನಲ್ಲಿ ಖಾಲಿ ಎಳೆದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ರಿಮ್‌ಫೈರ್‌ನಲ್ಲಿ ಪಿನ್ ಮುಂದೆ ತೋಟಾದ ಅಂಚು ಇಲ್ಲದಿದ್ದರೆ ಚೇಂಬರಿನ ಅಂಚಿಗೇ ಹೊಡೆಯಬಹುದು. ಹಾರಿದ ಖಾಲಿ ಕೇಸುಗಳನ್ನು ಸಾಲಾಗಿ ಇಟ್ಟು ನೋಡಿದೆ. ಎಲ್ಲದರ ಮೈಮೇಲೂ ಒಂದೇ ಜಾಗದಲ್ಲಿ ಉದ್ದಕ್ಕೆ ಕೂದಲಿನಂಥ ಗೀರು. ಕೇಸು ಸಿಡಿದು ಹಿಗ್ಗಿದಾಗ ಆ ಉಬ್ಬಿಗೆ ಸಿಕ್ಕಿಕೊಳ್ಳುತ್ತಿತ್ತು. ಇದ್ದ ಅಷ್ಟು ಕಡಿಮೆ ಶಕ್ತಿಯೆಲ್ಲ ಅದನ್ನು ಬಿಡಿಸುವುದಕ್ಕೇ ಖರ್ಚಾಗುತ್ತಿತ್ತು.

ಕೈಯಲ್ಲಿ ಅರ ಇತ್ತು. ಆದರೂ ಮುಟ್ಟಲಿಲ್ಲ. ಚೇಂಬರಿನ ಒಳಮೈ ಒಂದು ಸಲ ದೊಡ್ಡದಾದರೆ ಮತ್ತೆ ಚಿಕ್ಕದು ಮಾಡಲು ಆಗದು. ಕೇಸಿನ ಹಿತ್ತಾಳೆ ಕಾಗದದಷ್ಟು ತೆಳು, ಹಿಂದಿನಿಂದ ಆಧಾರ ಕಡಿಮೆ ಆದರೆ ಒಡೆಯುತ್ತದೆ, ಬಿಸಿ ಗಾಳಿ ಮುಖದ ಕಡೆ ಬರುತ್ತದೆ. ತಯಾರಕರಿಗೆ ಫೋಟೋ ಸಮೇತ ಬರೆದೆ. ಮೊದಲು "ಗುಂಡು ಬದಲಿಸಿ ನೋಡಿ" ಅಂದರು. ಎರಡನೇ ಸಲ ಬರೆದೆ, ಗೀರು ಬಿದ್ದ ಕೇಸುಗಳ ಫೋಟೋ ಕಳಿಸಿದೆ. ಆರು ವಾರದ ಮೇಲೆ ಹೊಸ ಅಡಾಪ್ಟರ್ ಬಂತು. ಒಳಗೆ ಕನ್ನಡಿಯ ಹಾಗೆ ನುಣುಪು, ಅಂಚು ಗುಂಡಗೆ. ಹಾಕಿದ ದಿನ ಒಂದೇ ಒಂದು ಕೇಸೂ ಕಚ್ಚಿಕೊಳ್ಳಲಿಲ್ಲ. ವಸ್ತು ಮಾಡುವ ಕೈ ಅವರಲ್ಲಿ ಇದೆ. ಹೊರಗೆ ಕಳಿಸುವ ಮೊದಲು ನೋಡುವ ಕಣ್ಣು ಅವತ್ತು ಇರಲಿಲ್ಲ. ಈ ವಿಮರ್ಶೆಯಲ್ಲಿ ನಾನು ಒಂದು ಸ್ಟಾರ್ ಕಡಿಮೆ ಕೊಡುವುದು ಆ ಆರು ವಾರಕ್ಕೆ.

ಕೊಂಡ ದಿನವೇ ಅಡಾಪ್ಟರಿನ ಬಾಯಿಯ ಅಂಚನ್ನು ಟಾರ್ಚ್ ಹಾಕಿ ನೋಡಿ. ಹಲ್ಲು ಕಡ್ಡಿಯ ತುದಿಯನ್ನು ಒಳ ಅಂಚಿನ ಸುತ್ತ ಓಡಿಸಿದರೆ ಉಬ್ಬು ಇದ್ದ ಕಡೆ ತಡೆಯುತ್ತದೆ.

ಮ್ಯಾಗಝೀನ್ ತೊಂದರೆ ಬೇಗ ಸರಿಹೋಯಿತು. .22 ತೋಟಾಗೆ ತಳದಲ್ಲಿ ಅಂಚು ಹೊರಗೆ ಚಾಚಿರುತ್ತದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಎರಡೂ ಅಲುಗುವುದಿಲ್ಲ. ಪ್ರತಿ ತೋಟಾ ಹಾಕುವಾಗಲೂ ಅದರ ಅಂಚು ಕೆಳಗಿನದಕ್ಕಿಂತ ಮುಂದೆ ಇರುವ ಹಾಗೆ ಕೂರಿಸಬೇಕು. ತಂಗಿ ಮಗಳಿಗೆ ಮೊದಲು ಕಲಿಸಿದ್ದು ಇದನ್ನೇ. ಮ್ಯಾಗಝೀನಿನಲ್ಲಿ ತೋಟಾಗಳನ್ನು ಮೇಲಕ್ಕೆ ತಳ್ಳುವ ಫಾಲೋಯರ್ ಕೆಳಗೆ ಎಳೆದು ತೋಟಾಗಳನ್ನು ಸುರಿದುಬಿಡುವ ಆತುರ ಎಲ್ಲರಿಗೂ ಇರುತ್ತದೆ. ಹಾಗೆ ಮಾಡಿದರೆ ಐದನೆಯದೋ ಆರನೆಯದೋ ಖಂಡಿತ ಕೈಕೊಡುತ್ತದೆ.

ಗುಂಡಿನ ವಿಷಯಕ್ಕೆ ಬರೋಣ. ಇಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಸೆಕೆಂಡಿಗೆ 1,070 ಅಡಿ ಹತ್ತಿರದ ಸ್ಟಾಂಡರ್ಡ್ ವೆಲಾಸಿಟಿ ಗುಂಡು ಟಾರ್ಗೆಟ್ ರೈಫಲ್‌ಗೆ ಚಿನ್ನದಂಥದ್ದು, ಈ ಕಿಟ್‌ಗೆ ಸಾಲದು. ನನ್ನದರಲ್ಲಿ ಬೋಲ್ಟ್ ಪೂರ್ತಿ ಹಿಂದೆ ಹೋಗದೆ ಅರ್ಧದಲ್ಲೇ ವಾಪಸ್ ಬಂತು. ಇನ್ನೂ ನಿಧಾನದ ಸಬ್‌ಸಾನಿಕ್ ಗುಂಡು ಅಂತೂ ಬೇಡವೇ ಬೇಡ. ನನಗೆ ಹೊಂದಿದ್ದು ಸಿಸಿಐ ಕಂಪನಿಯ ಮಿನಿ-ಮ್ಯಾಗ್, 40 ಗ್ರೇನ್, ತಾಮ್ರದ ಲೇಪ ಇರುವುದು, 1,235 ಅಡಿ. ನನ್ನ ಕಿಟ್ ಅದನ್ನು ತಿಂದಷ್ಟು ಖುಷಿಯಾಗಿ ಬೇರೆ ಯಾವುದನ್ನೂ ತಿನ್ನುವುದಿಲ್ಲ. ಹಾಗಂತ ಇನ್ನೂ ವೇಗದ್ದು ಇನ್ನೂ ಒಳ್ಳೆಯದು ಅಂತ ಅಲ್ಲ. ಅದೇ ಕಂಪನಿಯ ಇನ್ನೂ ವೇಗದ ಸ್ಟಿಂಗರ್ ಗುಂಡಿನ ಕೇಸು ಮಾಮೂಲಿಗಿಂತ ಉದ್ದ. ಬಿಗಿಯಾದ ಚೇಂಬರಿಗೆ ಅದು ಹೊಂದುವುದಿಲ್ಲ. ನಾನು ಹಾಕುವುದಿಲ್ಲ.

ತಾಮ್ರದ ಲೇಪ ಏಕೆ ಬೇಕು ಅನ್ನುವುದಕ್ಕೂ ಕಾರಣ ಇದೆ. .22 ಲಾಂಗ್ ರೈಫಲ್ 1887ರ ತೋಟಾ, ಅದರ ಗುಂಡಿನ ದಪ್ಪವೂ ಕೇಸಿನ ದಪ್ಪವೂ ಒಂದೇ. ಗುಂಡಿನ ಹಿಮ್ಮಡಿ ಮಾತ್ರ ಸಣ್ಣದಾಗಿ ಕೇಸಿನೊಳಗೆ ಹೋಗುತ್ತದೆ. ಹಾಗಾಗಿ ಜಾರಲು ಹಚ್ಚಿದ ಮೇಣ ಹೊರಮೈ ಮೇಲೇ ಇರುತ್ತದೆ. ಧೂಳು, ಮಸಿ, ಎಲ್ಲ ಅದಕ್ಕೆ ಅಂಟುತ್ತದೆ. ಬರೀ ಸೀಸದ ಗುಂಡು ಹೊಡೆದ ದಿನ ಅಡಾಪ್ಟರಿನ ಮೂತಿ ನೋಡಿ. ಮೇಣ, ಮಸಿ, ಸೀಸದ ಪುಡಿ ಸೇರಿ ಕಪ್ಪು ಗೋಂದಿನ ಹಾಗೆ ಆಗಿರುತ್ತದೆ. ಬೆರಳಿಗೆ ಅಂಟಿದರೆ ಸೋಪು ಹಾಕಿ ಎರಡು ಸಲ ತೊಳೆದರೂ ಹೋಗುವುದಿಲ್ಲ. ಅದರಲ್ಲಿ ಸೀಸ ಇದೆ ಅನ್ನುವುದನ್ನು ಮರೆಯಬೇಡಿ. ಕೈ ತೊಳೆಯದೆ ಏನೂ ತಿನ್ನಬೇಡಿ, ಮಕ್ಕಳು ಜೊತೆಗಿದ್ದರೆ ಇನ್ನೂ ಜಾಗ್ರತೆ.

ನಾನು 250 ಗುಂಡಿಗೆ ಒಮ್ಮೆ ಸಣ್ಣ ಚೇಂಬರಿಗೆ ಬ್ರಷ್ ಹಾಕುತ್ತೇನೆ. 300 ದಾಟಿದರೆ ಕೇಸು ನಿಧಾನವಾಗಿ ಬೀಳುವುದು ಗೊತ್ತಾಗುತ್ತದೆ. ಮೊದಲು ಮೂರು ಮೀಟರ್ ಆಚೆ ಹಾರುತ್ತಿದ್ದದ್ದು ಬೆಂಚಿನ ಪಕ್ಕಕ್ಕೇ ಬೀಳತೊಡಗುತ್ತದೆ. ಅದು ಮುನ್ಸೂಚನೆ. ಬೋಲ್ಟ್ ಓಡುವ ಕಂಬಿಗಳಿಗೆ ಎಣ್ಣೆ ಧಾರಾಳವಾಗಿ ಹಾಕಿ, ಒಣಗಿದರೆ ಓಡುವುದಿಲ್ಲ. ಚೇಂಬರಿನೊಳಗೆ ಮಾತ್ರ ಎಣ್ಣೆ ಬೇಡ, ಒರೆಸಿಬಿಡಿ. ಸೀಸ ನಳಿಗೆಯಿಂದ ಗ್ಯಾಸ್ ಆಚೆ ಹೋಗುವ ತೂತಿನ ಹತ್ತಿರವೂ ಸೇರಿಕೊಳ್ಳುತ್ತದೆ. ಕಿಟ್ ತೆಗೆದ ದಿನ ಬ್ಯಾರಲ್ ಪೂರ್ತಿ ಸ್ವಚ್ಛ ಮಾಡಿ, ಆಮೇಲೇ .223 ಹೊಡೆಯುತ್ತೇನೆ. ಕೊಳಕು ನಳಿಗೆಯಲ್ಲಿ ದೊಡ್ಡ ಗುಂಡು ಹೊಡೆದು "ತಾನೇ ಕ್ಲೀನ್ ಆಗುತ್ತೆ" ಅನ್ನುವವರ ಮಾತು ನನಗೆ ಒಪ್ಪಿಗೆ ಇಲ್ಲ.

ಗುರಿ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ನೇರವಾಗಿ ಹೇಳುತ್ತೇನೆ, ಇಲ್ಲಿ ಫಿಟ್ಟಿಂಗಿನಿಂದ ಸರಿ ಮಾಡಲು ಆಗದ ಮಿತಿ ಇದೆ. ನಳಿಗೆಯೊಳಗಿನ ಸುರುಳಿ ಗೀರು ಗುಂಡನ್ನು ತಿರುಗಿಸುತ್ತದೆ. .22 ಗುಂಡಿಗೆ 16 ಇಂಚಿಗೆ ಒಂದು ಸುತ್ತು ತಿರುವು ಹದವಾದದ್ದು. ಎಆರ್ ಬ್ಯಾರಲ್‌ಗಳಲ್ಲಿ ಹೆಚ್ಚಾಗಿ 7, 8, 9 ಇಂಚಿಗೆ ಒಂದು ಸುತ್ತು. ಜೊತೆಗೆ ಗುಂಡು ಅಡಾಪ್ಟರಿನ ಕುತ್ತಿಗೆ ದಾಟಿ ಜಿಗಿದು ಆಮೇಲೆ ನಳಿಗೆಯ ಗೀರು ಹಿಡಿಯಬೇಕು. 50 ಮೀಟರಿನಲ್ಲಿ ಬೆಂಚಿನ ಮೇಲೆ ಆನಿಸಿ ಹೊಡೆದರೆ ನನಗೆ 10 ಗುಂಡಿನ ಗುಂಪು, ಅಂದರೆ ತೂತುಗಳ ಹರವು, ಆರೇಳು ಸೆಂಟಿಮೀಟರ್ ಬರುತ್ತದೆ. ಶಿಮ್ ಹಾಕುವ ಮೊದಲು ಒಂಬತ್ತು ಬರುತ್ತಿತ್ತು. ಅಡಾಪ್ಟರ್ ಪ್ರತಿ ಸಲ ಒಂದೇ ಜಾಗದಲ್ಲಿ ಕೂತದ್ದರಿಂದ ಅಷ್ಟು ಸುಧಾರಿಸಿತು ಅಂತ ನನ್ನ ಲೆಕ್ಕ. ಸ್ನೇಹಿತೆಯ ಹತ್ತಿರ .22ಗೇ ಮಾಡಿದ ಬ್ಯಾರಲ್ ಇರುವ ಅಪ್ಪರ್ (ರೈಫಲ್‌ನ ಮೇಲಿನ ಅರ್ಧ) ಇದೆ. ಅದೇ ಬೆಂಚು, ಅದೇ ಗುಂಡು, ಮೂರು ಸೆಂಟಿಮೀಟರ್. ನಿಮಗೆ ಸಣ್ಣ ಗುಂಪು ಬೇಕಾದರೆ ಕಿಟ್ ಬೇಡ, ಅದನ್ನು ತೆಗೆದುಕೊಳ್ಳಿ. ಟ್ರಿಗರ್, ಉಸಿರು, ನಿಲುವು ಕಲಿಯಲು ಆರು ಸೆಂಟಿಮೀಟರ್ ಸಾಕು. ಆದರೆ ಗುರಿಯ ಜಾಗ ಬೇರೆ ಆಗುತ್ತದೆ. 50 ಮೀಟರಿಗೆ ಕೂರಿಸಿದ .22 ಗುಂಡು 100 ಮೀಟರಿನಲ್ಲಿ ಸುಮಾರು 15 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಸೈಟಿನ ಎರಡೂ ಕ್ಲಿಕ್ ಲೆಕ್ಕ ಬರೆದು ಕಿಟ್ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ.

ಬಳಸುವ ರೀತಿಯಲ್ಲೂ ಸ್ವಲ್ಪ ಬದಲಾವಣೆ ಬೇಕು. ಬೋಲ್ಟ್ ಹಿಂದಕ್ಕೆ ಎಳೆಯುವ ಚಾರ್ಜಿಂಗ್ ಹ್ಯಾಂಡಲನ್ನು ಮೆಲ್ಲಗೆ ಕೈಯಲ್ಲಿ ಹಿಡಿದು ಮುಂದೆ ಬಿಡಬೇಡಿ. ಪೂರ್ತಿ ಎಳೆದು ಬಿಟ್ಟುಬಿಡಿ. ಬೋಲ್ಟ್ ಪೂರ್ತಿ ಮುಚ್ಚಿಕೊಳ್ಳದಿದ್ದರೆ ಬೋಲ್ಟ್ ಮುಂದಕ್ಕೆ ತಳ್ಳುವ ಫಾರ್ವರ್ಡ್ ಅಸಿಸ್ಟ್ ಗುಂಡಿ ಒತ್ತಿ ಪ್ರಯೋಜನ ಇಲ್ಲ, ಅದು ಈ ಕಿಟ್‌ನ ಬೋಲ್ಟನ್ನು ಹಿಡಿಯುವುದೇ ಇಲ್ಲ. ತೋಟಾ ತೆಗೆದು ಏಕೆ ಅಂತ ನೋಡಿ, ಬಲವಂತ ಮಾಡಬೇಡಿ. ಟಿಕ್ ಅಂದರೆ ನಳಿಗೆ ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ, ತಡವಾಗಿ ಸಿಡಿಯುವುದುಂಟು. ಸದ್ದು ಪುಸ್ ಅಂತ ಮೆತ್ತಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಉಳಿದಿರಬಹುದು. ಖಾಲಿ ಮಾಡಿ, ಕಿಟ್ ತೆಗೆದು, ನಳಿಗೆಯ ಆಚೆಗೆ ಬೆಳಕು ಕಾಣುವ ತನಕ ಇನ್ನೊಂದು ಗುಂಡು ಹಾಕಬೇಡಿ. ನನಗೆ ಒಂದು ವರ್ಷದಲ್ಲಿ ಒಮ್ಮೆ ಅಂಥ ಸದ್ದು ಬಂತು. ನಳಿಗೆ ಖಾಲಿಯೇ ಇತ್ತು. ಆದರೂ ಆ ಡಬ್ಬಿಯ ಉಳಿದ ಗುಂಡು ಬಳಸಲಿಲ್ಲ.

ತಂಗಿಯ ಮಗಳು ಮೊದಲ ತಿಂಗಳು ಪ್ರತಿ ಹತ್ತು ಗುಂಡಿಗೆ ಒಮ್ಮೆ ತಿರುಗಿ, "ದೊಡ್ಡಮ್ಮ, ಮತ್ತೆ ಸಿಕ್ಕಿಕೊಂಡಿತು" ಅನ್ನುತ್ತಿದ್ದಳು. ಕಲಿಯುವವರಿಗೆ ಅದು ಎಷ್ಟು ಕಷ್ಟ ಅಲ್ವಾ? ತಪ್ಪು ತನ್ನದೋ ರೈಫಲ್‌ನದ್ದೋ ಗೊತ್ತಾಗುವುದಿಲ್ಲ. ಟಿಕ್ ಅಂದಾಗಲೆಲ್ಲ ಅವಳ ಭುಜ ಮುಂದಕ್ಕೆ ಜಗ್ಗುತ್ತಿತ್ತು. ಅಡಾಪ್ಟರ್ ಬದಲಿಸಿದ ಮೇಲೆ ಒಂದು ಬೆಳಗ್ಗೆ ಕೂತು 120 ಗುಂಡು ಹೊಡೆದಳು, ಒಂದೂ ನಿಲ್ಲಲಿಲ್ಲ. ನಾನು ಹಿಂದೆ ನಿಂತು ಅವಳ ಬೆರಳನ್ನೇ ನೋಡುತ್ತಿದ್ದೆ. ಕೊನೆಯ 40ರಲ್ಲಿ ಟ್ರಿಗರ್ ಎಳೆತ ಸಮ ಆಗಿತ್ತು, ಕಣ್ಣು ತೆರೆದೇ ಇತ್ತು. ಈ ಕಿಟ್ ಕೊಂಡದ್ದು ಅದಕ್ಕೇ.

ಇನ್ನೂ ಸರಿಹೋಗದ ಒಂದು ವಿಷಯ ಉಳಿದಿದೆ. ಕೊನೆಯ ಗುಂಡು ಮುಗಿದಾಗ ಬೋಲ್ಟ್ ಮ್ಯಾಗಝೀನಿನ ಫಾಲೋಯರಿಗೆ ತಗಲಿ ಹಿಂದೆ ನಿಲ್ಲುತ್ತದೆ. ಮ್ಯಾಗಝೀನ್ ತೆಗೆದ ತಕ್ಷಣ ಟಪ್ ಅಂತ ಮುಚ್ಚಿಕೊಳ್ಳುತ್ತದೆ. ರೈಫಲ್ ಖಾಲಿ ಇದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ. ಸಣ್ಣ ಚೇಂಬರ್ ಆಳದಲ್ಲಿದೆ, ಬೆರಳು ಹೋಗುವುದಿಲ್ಲ. ಟಾರ್ಚ್ ಹಾಕಿ ನೋಡಿ, ಚೇಂಬರ್ ಖಾಲಿ ಅಂತ ತೋರಿಸುವ ಹಳದಿ ಚೇಂಬರ್ ಫ್ಲ್ಯಾಗ್ ತೂರಿಸಿಯೇ ಬೆಂಚಿನ ಮೇಲೆ ಇಡುತ್ತೇವೆ. .223ಗೆ ಮಾಡಿದ ಫ್ಲ್ಯಾಗ್ ಇದಕ್ಕೆ ದಪ್ಪ ಆಗುತ್ತದೆ. .22ಕ್ಕೆ ಅಂತಲೇ ಬರುವ ತೆಳುವಾದದ್ದನ್ನು ಬೇರೆ ತೆಗೆದುಕೊಳ್ಳಿ.